ಪೀಠ ಎಳೆಯರಿಗೆ, ಹೊಣೆ ಹಿರಿಯರಿಗೆ



ಸುಗ್ಗಿ ಮುಗಿದು ಮುಂಗಾರು ಹಿಡಿಯುವವರೆಗಿನ ದಿನಗಳು ನಮ್ಮ ಶಿಕಾರಿಪುರ, ಸೊರಬ ಸೀಮೆಯಲ್ಲಿ ಸಭೆ ಸಮಾರಂಭಗಳ ದಿನಗಳು. ಒಂದೆಡೆ ವ್ಯಕ್ತಿತ್ವ ವಿಕಸನ ಶಿಬಿರ, ಇನ್ನೊಂದೆಡೆ ನಾಯಕತ್ವ ತರಬೇತಿ, ಮತ್ತೊಂದೆಡೆ ಸಾಧಕರೊಡನೆ ಸಂವಾದ. ಊರಿನ ಮುಖಂಡರು, ಸಹಕಾರಿ ಸಂಘದ ಅಧ್ಯಕ್ಷರು, ನಿವೃತ್ತ ಶಿಕ್ಷಕರು ವೇದಿಕೆಯನ್ನೇರಿ ತಾವು ಬೆಳೆದು ಬಂದ ಬಗೆಯನ್ನು ಎಳೆಯರ ಮುಂದೆ ಬಿಚ್ಚಿಡುತ್ತಾರೆ. ಹಾರ, ಶಾಲು, ಫಲತಾಂಬೂಲಗಳಾಗಿ, ವಂದನಾರ್ಪಣೆಯಾಗಿ, ಪ್ರಸಾದ ಸ್ವೀಕರಿಸಿ ಎಲ್ಲರೂ ಮನೆಗೆ ತೆರಳುತ್ತಾರೆ. ಇದು ತಪ್ಪೆಂದು ನಾವು ಹೇಳುವುದಿಲ್ಲ. ಅನುಭವ ಹಂಚಿಕೊಳ್ಳುವುದು ಒಳ್ಳೆಯ ಕೆಲಸವೇ. ಆದರೆ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ಹುಡುಗನ, ಹುಡುಗಿಯ ಮನಸ್ಸಿನಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಅದನ್ನು ಅವರು ಬಾಯಿಬಿಟ್ಟು ಕೇಳುವುದಿಲ್ಲ. “ನೀವು ಏರಿದ ಮೆಟ್ಟಿಲುಗಳ ಕಥೆ ಕೇಳಿದೆವು. ನೀವು ನಿಂತ ಮೆಟ್ಟಿಲಿನಲ್ಲಿ ನಮಗೆ ಜಾಗವುಂಟೆ?”

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಮಾರ್ಗದರ್ಶನವೆಂದರೇನು ಎಂಬುದನ್ನು ಚಿಂತಿಸಬೇಕಾಗಿದೆ. ನಮ್ಮ ನಿಲುವು ಇಷ್ಟು: ಒಬ್ಬ ಹಿರಿಯನು ಎಷ್ಟು ಹೇಳಿದನು ಎಂಬುದರಿಂದ ಅವನ ಮಾರ್ಗದರ್ಶನವನ್ನು ಅಳೆಯಲಾಗದು. ಅವನು ಕಿರಿಯರಿಗೆ ಏನನ್ನು ಬಿಟ್ಟುಕೊಟ್ಟನು, ಯಾವ ಹೊಣೆಯನ್ನು ತನ್ನ ಹೆಗಲ ಮೇಲೆಯೇ ಉಳಿಸಿಕೊಂಡನು ಎಂಬೆರಡರಿಂದ ಅಳೆಯಬೇಕು. ಈ ಮಾತಿಗೆ ಸಾಕ್ಷಿಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಕಾಲಡಿಯ ನೆಲವೇ ಸಾಕ್ಷಿ ನುಡಿಯುತ್ತದೆ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಕಲ್ಲಿನ ಕಂಬ ನಿಂತಿದೆ. ಐದನೆಯ ಶತಮಾನದಲ್ಲಿ ಕದಂಬರ ಶಾಂತಿವರ್ಮನ ಕಾಲಕ್ಕೆ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯ ಅದರ ಮೈಮೇಲಿದೆ. ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನು ಉನ್ನತ ವಿದ್ಯೆಗಾಗಿ ಕಂಚಿಯ ಘಟಿಕಾಸ್ಥಾನಕ್ಕೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನಿಂದಾಗಿ ಕಲಹವೆದ್ದದ್ದು, ಶಾಸ್ತ್ರ ಹಿಡಿದ ಕೈ ಶಸ್ತ್ರ ಹಿಡಿದದ್ದು ಎಲ್ಲವೂ ಅದರಲ್ಲಿದೆ. ಈ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಆದರೆ ಅದರೊಳಗಿನ ಒಂದು ಸಣ್ಣ ಸಂಗತಿಯನ್ನು ನಾವು ಗಮನಿಸುವುದು ಕಡಿಮೆ. ಮಯೂರಶರ್ಮನು ಕಂಚಿಗೆ ಒಬ್ಬನೇ ಹೋಗಲಿಲ್ಲ. ಅವನ ಗುರು ವೀರಶರ್ಮನು ಜೊತೆಗೆ ಹೋದನು. ಇನ್ನೂ ಹೆಚ್ಚಿನ ವಿದ್ಯೆ ಬೇರೆಡೆ ಇದೆಯೆಂದು ಒಪ್ಪಿ, ಶಿಷ್ಯನನ್ನು ಆ ಬಾಗಿಲಿನವರೆಗೆ ತಾನೇ ಕರೆದೊಯ್ದ ಗುರು ಅವನು. “ನನ್ನಲ್ಲಿ ಇರುವುದೇ ಎಲ್ಲವೂ” ಎನ್ನುವ ಗುರುವಿಗೆ ಈ ಪಯಣ ಸಾಧ್ಯವಾಗದು. ರಾಜವಂಶದ ಕೀರ್ತಿಯನ್ನು ಹೇಳಹೊರಟ ಕವಿ ಆ ಗುರುವಿನ ಹೆಸರನ್ನು ಮರೆಯದೆ ಕಲ್ಲಿಗೇರಿಸಿದ್ದಾನೆ. ಅದೇ ಶಾಸನ ಕಾಕುಸ್ಥವರ್ಮನು ದೇವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನೂ ಹೇಳುತ್ತದೆ. ಗುರುವಿನ ಜೊತೆಗಿನ ನಡಿಗೆಯಿಂದ ತೊಡಗಿ ಊರಿನ ಕೆರೆಯವರೆಗೆ ಒಂದೇ ಕಂಬದ ಮೇಲೆ ಬರೆದಿದೆ. ವಿದ್ಯೆಯ ಫಲ ಕೊನೆಗೆ ಊರಿಗೆ ನೀರಾಗಿ ಒದಗಬೇಕೆಂಬ ತಿಳಿವಳಿಕೆಗೆ ಇದಕ್ಕಿಂತ ಹಳೆಯ ಸಾಕ್ಷಿ ನಮಗೆ ಬೇಕೆ?

ತಾಳಗುಂದದಿಂದ ಕೂಗಳತೆಯ ದೂರದಲ್ಲಿರುವುದು ಬಳ್ಳಿಗಾವೆ. ಅಲ್ಲಿನ ಕೇದಾರೇಶ್ವರನ ಸನ್ನಿಧಿಯಲ್ಲಿ ಕೋಡಿಯಮಠವೆಂಬ ಕಾಳಾಮುಖ ಪರಂಪರೆಯ ದೊಡ್ಡ ವಿದ್ಯಾಕೇಂದ್ರವಿತ್ತು. ಸೋಮೇಶ್ವರ, ವಾಮಶಕ್ತಿ ಮೊದಲಾದ ಆಚಾರ್ಯರು ಅದನ್ನು ನಡೆಸಿದರು. ೧೧೬೨ರ ಶಾಸನವೊಂದು ಆ ಮಠವನ್ನು ಬಣ್ಣಿಸುತ್ತದೆ. ಅಲ್ಲಿ ನಾಲ್ಕು ವೇದಗಳ ಅಧ್ಯಯನವಿತ್ತು. ಹಲವು ಬಗೆಯ ವ್ಯಾಕರಣಗಳ ಪಾಠವಿತ್ತು. ನ್ಯಾಯ, ವೈಶೇಷಿಕ, ಸಾಂಖ್ಯಗಳ ಜೊತೆಗೆ ಬೌದ್ಧ ದರ್ಶನದ ವಿವರಣೆಯೂ ಇತ್ತು. ತಾನು ಒಪ್ಪದ ಮತವನ್ನೂ ತನ್ನ ಚಾವಡಿಯಲ್ಲಿ ಪಾಠ ಹೇಳುವ ಧೈರ್ಯ ಆ ಮಠಕ್ಕಿತ್ತು. ಅಷ್ಟೇ ಅಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ವಾದ್ಯ ನುಡಿಸುವವರು ಮುಂತಾದವರಿಗೆ ಅನ್ನವನ್ನಿಕ್ಕುವ ಸ್ಥಾನವೂ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನವೂ ಅದೇ ಎಂದು ಶಾಸನ ಹೇಳುತ್ತದೆ. ತರ್ಕದ ಪಾಠವೂ ಗಂಜಿಯ ಪಾತ್ರೆಯೂ ಒಂದೇ ಸೂರಿನಡಿ ಇದ್ದವು. ವ್ಯಾಕರಣ ಕಲಿಯುವ ಹುಡುಗ ಹಸಿದವನ ಮುಖವನ್ನು ದಿನವೂ ನೋಡುತ್ತಿದ್ದನು. ನಾವು ಇಂದು ಇವೆರಡನ್ನೂ ಬೇರೆ ಮಾಡಿದ್ದೇವೆ. ವ್ಯಕ್ತಿತ್ವ ವಿಕಸನಕ್ಕೆ ಒಂದು ಸಭಾಭವನ, ದಾಸೋಹಕ್ಕೆ ಇನ್ನೊಂದು ಭವನ. ಒಂದರಲ್ಲಿ ಬೆಳೆಯುವವರು ಇನ್ನೊಂದರ ಒಳಗೆ ಕಾಲಿಡುವುದು ಅಪರೂಪ.

ಇದೇ ಬಳ್ಳಿಗಾವೆಯ ಮಣ್ಣಿನಲ್ಲಿ ಅಲ್ಲಮಪ್ರಭುಗಳು ಹುಟ್ಟಿದರು. ಹರಿಹರನು ತನ್ನ ರಗಳೆಯಲ್ಲಿ ಅವರ ಬಾಳಿನ ತಿರುವನ್ನು ಹೇಳುವ ಬಗೆ ಮನಮುಟ್ಟುವಂಥದ್ದು. ಪ್ರಿಯೆಯ ಅಗಲಿಕೆಯಿಂದ ಕಂಗೆಟ್ಟು ಅಲೆಯುತ್ತಿದ್ದ ತರುಣನಿಗೆ ಮಣ್ಣಿನಲ್ಲಿ ಹೂತುಹೋದ ಗುಡಿಯೊಂದರ ಕಳಸ ಕಾಣುತ್ತದೆ. ಅಗೆಸಿ ಒಳಹೊಕ್ಕರೆ ಅಲ್ಲಿ ಕಣ್ಣೆವೆಯಿಕ್ಕದೆ ಕುಳಿತ ಅನಿಮಿಷಯ್ಯ. ಆತನು ಉಪನ್ಯಾಸ ಮಾಡಲಿಲ್ಲ, ತನ್ನ ಸಾಧನೆಯ ಪಟ್ಟಿಯನ್ನು ಓದಲಿಲ್ಲ. ಆತನ ಕೈಯಲ್ಲಿದ್ದ ಲಿಂಗ ಅಲ್ಲಮನ ಕೈಗೆ ಬಂತು. ಅದರೊಡನೆ ಆತನ ಪ್ರಾಣವೂ ಹೊರಟಿತು. ತನ್ನ ಬಾಳಿನ ಸಾರವನ್ನು ಮುಂದಿನ ಕೈಗೆ ದಾಟಿಸುವುದಕ್ಕಾಗಿಯೇ ಕಾದು ಕುಳಿತಂತಿದ್ದ ಗುರು ಅವನು. ಗುರುವೆಂದರೆ ದಾಟಿಸುವವನು ಎಂಬ ಅರ್ಥ ಈ ಒಂದು ಚಿತ್ರದಲ್ಲಿ ತುಂಬಿಕೊಂಡಿದೆ.

ಹೀಗೆ ಪಡೆದವರು ಹೇಗೆ ಕೊಟ್ಟರು? ಶೂನ್ಯಸಂಪಾದನೆಯ ಪುಟಗಳನ್ನು ತೆರೆದು ನೋಡಿರಿ. ಪ್ರಭುಗಳು ತಮ್ಮಲ್ಲಿಗೆ ಬಂದವರನ್ನು ಮಾತ್ರ ತಿದ್ದಿದವರಲ್ಲ; ಎಲ್ಲಿ ಅರಿವು ಬೇಕಾಗಿತ್ತೋ ಅಲ್ಲಿಗೆ ತಾವೇ ನಡೆದು ಹೋದರು. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುತ್ತಿದ್ದ ಮುಕ್ತಾಯಕ್ಕನ ಬಳಿಗೆ ಹೋದರು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನ ಬಳಿಗೆ ಹೋದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಸಿದ್ಧರಾಮನು ಸಮಾಜಸೇವೆಯಲ್ಲಿ ಅಗ್ರಗಣ್ಯನು. ಕೆರೆ, ಗುಡಿ, ಸಾವಿರಾರು ಜನರ ದುಡಿಮೆ, ಎಲ್ಲೆಡೆ ಹೆಸರು. ಅಂಥವನನ್ನು ಪ್ರಭುಗಳು ಒಡ್ಡನೆಂದು ಕರೆದು ಕೆಣಕಿದರು. ಅನುಯಾಯಿಗಳು ರೊಚ್ಚಿಗೆದ್ದು ಕಲ್ಲೆಸೆದರು. ಸಿದ್ಧರಾಮನೂ ಕೋಪಗೊಂಡನು. ಆ ಕೋಪವೇ ಪ್ರಭುಗಳು ತೋರಿಸಬೇಕೆಂದಿದ್ದ ಸಂಗತಿ. ಕೆರೆ ಬೇಡವೆಂಬುದು ಅವರ ಅಭಿಪ್ರಾಯವಾಗಿರಲಿಲ್ಲ. ಕೆರೆ ಕಟ್ಟಿದವನೆಂಬ ಭಾವ ಒಳಗೆ ಏರಿಯಾಗಿ ನಿಂತುಬಿಟ್ಟರೆ ಅರಿವಿನ ಹರಿವು ಅಲ್ಲಿಗೇ ನಿಲ್ಲುತ್ತದೆ ಎಂಬುದು ಅವರ ಕಾಣ್ಕೆಯಾಗಿತ್ತು. ಸಿದ್ಧರಾಮನ ದೊಡ್ಡತನವೂ ಇಲ್ಲಿಯೇ ಇದೆ. ಕೀರ್ತಿಯ ಶಿಖರದಲ್ಲಿದ್ದಾಗ ತಿದ್ದಿಸಿಕೊಳ್ಳಲು ಒಪ್ಪಿ ಕಲ್ಯಾಣಕ್ಕೆ ನಡೆದನು. ನಮ್ಮ ಮುಖಂಡರಿಗೆ ಸನ್ಮಾನ ಮಾಡುವವರು ಹತ್ತು ಜನರಿದ್ದಾರೆ. ಅವರನ್ನು ಕೆಣಕುವ ಒಬ್ಬ ಪ್ರಭುದೇವ ಇದ್ದಾನೆಯೆ? ಇದ್ದರೆ ಅವನಿಗೆ ವೇದಿಕೆಯಲ್ಲಿ ಕುರ್ಚಿ ಸಿಗುವುದೆ?

ಶಿಕಾರಿಪುರದ ಉಡುತಡಿಯಿಂದ ಹೊರಟ ಅಕ್ಕಮಹಾದೇವಿಯ ಪ್ರಸಂಗವೂ ಹಾಗೆಯೇ. ಅನುಭವ ಮಂಟಪದಲ್ಲಿ ಪ್ರಭುಗಳು ಆಕೆಯನ್ನು ಕಠಿಣವಾಗಿ ಪ್ರಶ್ನಿಸಿದರು. ಮೇಲುನೋಟಕ್ಕೆ ಅದು ನಿಷ್ಠುರತೆ. ಆದರೆ ಆ ಪ್ರಶ್ನೆಗಳ ಮೂಲಕವೇ ಆಕೆ ಸಭೆಯೆದುರು ತನ್ನ ಮಾತಿನಲ್ಲಿ, ತನ್ನ ದನಿಯಲ್ಲಿ ನಿಲ್ಲುವಂತಾಯಿತು. ಪ್ರಭುಗಳು ಆಕೆಯ ಪರವಾಗಿ ತಾವೇ ಉತ್ತರ ಹೇಳಲಿಲ್ಲ. ಅದೇ ತಾಲ್ಲೂಕಿನ ಹಿರೇಜಂಬೂರಿನ ಸತ್ಯಕ್ಕ ಅಂಗಳ ಗುಡಿಸುವ ಕಾಯಕದವಳು. ತನ್ನದಲ್ಲದ ಸಂಪತ್ತು ದಾರಿಯಲ್ಲಿ ಕಂಡರೂ ತನಗೆ ಬೇಡವೆಂಬ ಅವಳ ನಿಲುವು ಇಂದಿಗೂ ಸಾರ್ವಜನಿಕ ಬದುಕಿನವರಿಗೆಲ್ಲ ಮೊದಲ ಪಾಠ. ಕಸಬರಿಗೆ ಹಿಡಿದ ಕೈಯಿಂದ ಬಂದ ಆ ಮಾತನ್ನು ಒಂದು ಪರಂಪರೆ ಎಂಟುನೂರು ವರ್ಷಗಳಿಗೂ ಮೀರಿ ಕಾಪಾಡಿಕೊಂಡು ಬಂದಿದೆ. ಯಾರ ಮಾತನ್ನು ಕೇಳಿಸಿಕೊಳ್ಳಬೇಕು ಎಂಬುದನ್ನು ಶರಣರು ಕುಲದಿಂದಾಗಲಿ ಅಧಿಕಾರದಿಂದಾಗಲಿ ನಿರ್ಣಯಿಸಲಿಲ್ಲ.

ಪೀಠದ ವಿಷಯಕ್ಕೆ ಬರೋಣ. ಶೂನ್ಯಸಿಂಹಾಸನವನ್ನು ಅಲ್ಲಮಪ್ರಭುಗಳ ನಂತರ ಚೆನ್ನಬಸವಣ್ಣನೂ, ಅವನ ನಂತರ ಸಿದ್ಧರಾಮನೂ ಏರಿದರೆಂಬುದು ಪರಂಪರೆಯ ನಂಬಿಕೆ. ಚೆನ್ನಬಸವಣ್ಣನು ಬಸವಣ್ಣನವರ ಸೋದರಳಿಯ, ಇನ್ನೂ ಎಳೆಯ ಪ್ರಾಯದವನು. ಸಿದ್ಧರಾಮನು ಹೊರಗಿನಿಂದ ಬಂದವನು, ಒಂದು ಕಾಲಕ್ಕೆ ಪ್ರಭುಗಳ ಮೇಲೆ ಸಿಟ್ಟಾದವನು. ಆದ್ದರಿಂದ ನೆಂಟಸ್ತಿಕೆ ಅಲ್ಲಿ ಅಡ್ಡಿಯೂ ಆಗಲಿಲ್ಲ, ಅರ್ಹತೆಯೂ ಆಗಲಿಲ್ಲ. ವಯಸ್ಸೂ ಹಾಗೆಯೇ. ಅರಿವೊಂದೇ ಅಳತೆಗೋಲಾಯಿತು.

ಇನ್ನು ನಮ್ಮ ಅಜ್ಜಂದಿರ ಕಾಲಕ್ಕೆ ಬರೋಣ. ಶಿಕಾರಿಪುರ ತಾಲ್ಲೂಕಿನ ಈಸೂರು ೧೯೪೨ರ ಸೆಪ್ಟೆಂಬರಿನಲ್ಲಿ ತನ್ನನ್ನು ತಾನು ಸ್ವತಂತ್ರವೆಂದು ಸಾರಿಕೊಂಡಿತು. ತಮ್ಮದೇ ಸರ್ಕಾರವನ್ನು ರಚಿಸಿದ ಊರಿನವರು ಅಮಲ್ದಾರನ ಹುದ್ದೆಗೂ ಪೊಲೀಸ್ ಸಬ್‌ಇನ್ಸ್‌ಪೆಕ್ಟರನ ಹುದ್ದೆಗೂ ಇಬ್ಬರು ಬಾಲಕರನ್ನು ನೇಮಿಸಿದರು. ಎಳೆಯರನ್ನು ಸೆರೆಮನೆಗೆ ಹಾಕಲಾರರೆಂಬ ಯುಕ್ತಿಯೂ ಅದರಲ್ಲಿತ್ತೆಂದು ಹಿರಿಯರು ಹೇಳುತ್ತಾರೆ. ಮುಂದೆ ಸರ್ಕಾರದ ಅಧಿಕಾರಿಗಳು ಊರಿಗೆ ಬಂದಾಗ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರರೂ ಪ್ರಾಣ ಕಳೆದುಕೊಂಡರು. ಅವರೂ ಕನ್ನಡ ತಾಯಂದಿರ ಮಕ್ಕಳೇ; ಆ ಸಾವುಗಳನ್ನು ನಾವು ಹಬ್ಬವಾಗಿ ಆಚರಿಸಲಾರೆವು. ಪಡೆಗಳು ಊರನ್ನು ಸೂರೆಗೈದವು, ಜನ ಕಾಡು ಸೇರಿದರು. ೧೯೪೩ರ ಮಾರ್ಚಿಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು.

ಈ ಇತಿಹಾಸವನ್ನು ನಾವು ಪ್ರತಿ ಆಗಸ್ಟಿನಲ್ಲಿಯೂ ಸ್ಮರಿಸುತ್ತೇವೆ. ಅದರಲ್ಲಿ ಅಡಗಿರುವ ಒಂದು ವಿವೇಕವನ್ನು ಇಲ್ಲಿ ಎತ್ತಿ ಹೇಳಬೇಕಾಗಿದೆ. ಈಸೂರಿನಲ್ಲಿ ಪೀಠ ಎಳೆಯರದಾಯಿತು, ಶಿಕ್ಷೆ ಹಿರಿಯರದಾಯಿತು. ಹುದ್ದೆಯ ಗೌರವವನ್ನು ಮಕ್ಕಳಿಗೆ ಕೊಟ್ಟು ನೇಣಿನ ಹಗ್ಗವನ್ನು ಬೆಳೆದವರು ತೆಗೆದುಕೊಂಡರು. ಇಂದು ನಮ್ಮ ನಡುವೆ ನಡೆಯುತ್ತಿರುವುದು ಇದರ ತದ್ವಿರುದ್ಧವಲ್ಲವೆ? ಪೀಠದಲ್ಲಿ ಹಿರಿಯರು ಮೂವತ್ತು ವರ್ಷ ಕದಲದೆ ಕುಳಿತಿರುತ್ತಾರೆ. ಮೆರವಣಿಗೆಯಲ್ಲಿ ಮುಂದೆ ನಿಲ್ಲಲು, ಘೋಷಣೆ ಕೂಗಲು, ಕಲ್ಲೆಸೆಯಲು ಎಳೆಯರನ್ನು ಕರೆಯುತ್ತಾರೆ. ಮೊಕದ್ದಮೆ ಹುಡುಗರ ಹೆಸರಿನಲ್ಲಿ ದಾಖಲಾಗುತ್ತದೆ. ಮುಂದೆ ನೌಕರಿಗೆ ಅರ್ಜಿ ಹಾಕಿದಾಗ, ಪಾಸ್‌ಪೋರ್ಟಿಗೆ ಪೊಲೀಸರ ಪರಿಶೀಲನೆ ಬಂದಾಗ, ಆ ಹುಡುಗನ ಜೊತೆ ಠಾಣೆಯ ಬಾಗಿಲಲ್ಲಿ ನಿಲ್ಲುವ ಮುಖಂಡ ಕಾಣಸಿಗುವುದಿಲ್ಲ. ನ್ಯಾಯಾಲಯಕ್ಕೆ ಅಲೆಯುವುದು ಅವನ ತಂದೆಯ ಪಾಲು. ವೀರಶರ್ಮನು ಶಿಷ್ಯನ ಜೊತೆ ಕಂಚಿಯವರೆಗೆ ನಡೆದನು. ನಮ್ಮವರು ತಾಲ್ಲೂಕು ಕಚೇರಿಯವರೆಗೂ ನಡೆಯುವುದಿಲ್ಲ.

ಹಾಗೆಂದು ಈ ನೆಲ ನಾಯಕರನ್ನು ಬೆಳೆಸಲಿಲ್ಲವೆಂದಲ್ಲ. ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹವನ್ನು ಕಟ್ಟಿದವರಲ್ಲಿ ಎಚ್. ಗಣಪತಿಯಪ್ಪನವರು ಪ್ರಮುಖರು, ಅವರು ಶಿಕ್ಷಕರಾಗಿದ್ದವರು. ಗೇಣಿ ಅಳೆಯುವ ಕೊಳಗ ಸರಿಯಾಗಿರಲಿ ಎಂಬ ಸರಳವಾದ ಬೇಡಿಕೆಯಿಂದ ಹೊರಟ ಹೋರಾಟಕ್ಕೆ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರಂಥವರು ಅದನ್ನು ವಿಧಾನಸಭೆಯವರೆಗೆ ಒಯ್ದರು. ಅಳತೆ ಸುಳ್ಳಾಗಿದೆ ಎಂದು ಒಕ್ಕಲಿಗೆ ತಿಳಿಯುವಂತೆ ಮಾಡಿದ್ದೇ ಅಲ್ಲಿ ನಡೆದ ಮೊದಲ ಮಾರ್ಗದರ್ಶನ. ಆ ಸಮಾಜವಾದಿ ಗಾಳಿಯಲ್ಲಿ ಬೆಳೆದ ಎಸ್. ಬಂಗಾರಪ್ಪನವರು ೧೯೬೭ರಲ್ಲಿ ಸೊರಬದಿಂದ ಗೆದ್ದು, ೧೯೯೦ರಿಂದ ೧೯೯೨ರವರೆಗೆ ಮುಖ್ಯಮಂತ್ರಿಗಳಾದರು. ಮಂಡ್ಯ ಸೀಮೆಯ ಬೂಕನಕೆರೆಯಲ್ಲಿ ಹುಟ್ಟಿ ಶಿಕಾರಿಪುರದ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದ ಬಿ.ಎಸ್. ಯಡಿಯೂರಪ್ಪನವರು ಪುರಸಭೆಯ ಮೆಟ್ಟಿಲಿನಿಂದ ಮೇಲೇರಿ, ೧೯೮೩ರಲ್ಲಿ ವಿಧಾನಸಭೆಯನ್ನು ಪ್ರವೇಶಿಸಿ, ೧೯೯೯ರಲ್ಲಿ ಅದೇ ಕ್ಷೇತ್ರದಲ್ಲಿ ಸೋತು, ಮತ್ತೆ ಗೆದ್ದು ಮುಖ್ಯಮಂತ್ರಿಗಳಾದರು. ಅಕ್ಕಪಕ್ಕದ ಎರಡು ತಾಲ್ಲೂಕುಗಳು ನಾಡಿಗೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟದ್ದು ಸಣ್ಣ ಮಾತಲ್ಲ. ಅವರ ರಾಜಕೀಯವನ್ನು ತೂಗುವುದು ಈ ಬರಹದ ಉದ್ದೇಶವಲ್ಲ. ಒಂದನ್ನಷ್ಟೇ ಗಮನಿಸೋಣ: ಇಬ್ಬರೂ ಕೆಳಗಿನ ಮೆಟ್ಟಿಲಿನಿಂದ ಬಂದವರು. ೨೦೨೩ರ ಚುನಾವಣೆಯಲ್ಲಿ ಎರಡೂ ಕ್ಷೇತ್ರಗಳಲ್ಲಿ ಗೆದ್ದವರು ಅವರ ಮಕ್ಕಳು. ಅದು ಜನರು ಮತ ನೀಡಿ ಮಾಡಿದ ಆಯ್ಕೆ. ಅದನ್ನು ದೂರುವ ಅಗತ್ಯವಿಲ್ಲ. ಆದರೆ ಇಂದು ಒಬ್ಬ ಗುಮಾಸ್ತನ ಮಗ, ಒಬ್ಬ ಗೇಣಿದಾರನ ಮೊಮ್ಮಗಳು ಆ ಕೆಳಗಿನ ಮೆಟ್ಟಿಲಿಗೆ ಕಾಲಿಡಲು ದಾರಿ ತೆರೆದಿದೆಯೆ ಎಂಬುದನ್ನು ಎಲ್ಲ ಪಕ್ಷದವರೂ ಕೇಳಿಕೊಳ್ಳಬೇಕು.

ಆ ಮೆಟ್ಟಿಲೆಂದರೆ ಪಂಚಾಯಿತಿ. ೧೯೮೭ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿಯೇ ಮಹಿಳೆಯರಿಗೆ ಕಾಲುಭಾಗ ಸ್ಥಾನ ಮೀಸಲಿಟ್ಟ ನಾಡು ನಮ್ಮದು. ಮುಂದೆ ಅದು ಅರ್ಧಭಾಗವಾಯಿತು. ಆದರೆ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ ೨೦೧೬ರಲ್ಲಿ ಚುನಾವಣೆ ನಡೆದು, ೨೦೨೧ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅವು ಚುನಾಯಿತ ಸದಸ್ಯರಿಲ್ಲದೆ ಉಳಿದವು. ನಾಯಕತ್ವದ ಶಾಲೆಗೆ ಬೀಗ ಹಾಕಿ ನಾಯಕತ್ವದ ಶಿಬಿರಗಳನ್ನು ನಡೆಸಿದರೆ ಏನು ಫಲ? ಇನ್ನು ಗ್ರಾಮ ಪಂಚಾಯಿತಿಯಲ್ಲಿ ಆಯ್ಕೆಯಾದ ಎಷ್ಟೋ ತಾಯಂದಿರ ಕುರ್ಚಿಯ ಪಕ್ಕದಲ್ಲಿ ಗಂಡನೋ ಮಗನೋ ಕುಳಿತು ಮಾತನಾಡುವುದನ್ನು ನಾವೆಲ್ಲ ಕಂಡಿದ್ದೇವೆ. ಅಕ್ಕನ ಊರಿನ ಸೀಮೆಯಲ್ಲಿ ಹೆಣ್ಣಿನ ಪರವಾಗಿ ಇನ್ನೊಬ್ಬರು ಉತ್ತರ ಹೇಳುವುದು ನಾಚಿಕೆಯ ಸಂಗತಿ. ಪ್ರಶ್ನೆ ಎಷ್ಟೇ ಕಠಿಣವಾಗಿರಲಿ, ಉತ್ತರ ಆಕೆಯದೇ ಆಗಿರಲಿ.

“ಎಳೆಯರಿಗೆ ಇನ್ನೂ ಪಕ್ವತೆ ಬಂದಿಲ್ಲ, ಈಗಲೇ ಬಿಟ್ಟುಕೊಟ್ಟರೆ ಕೆಡಿಸುತ್ತಾರೆ” ಎಂಬ ಮಾತನ್ನು ಹಿರಿಯರು ಆಡುತ್ತಾರೆ. ಇದನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಸಂಘದ ಹಣ ಬಡವರ ಹಣ. ಅನನುಭವಿಯ ಕೈಯಲ್ಲಿ ಅದು ಹಾಳಾದರೆ ಕಣ್ಣೀರು ಹಾಕುವವರು ಬಡವರೇ. ಆದರೆ ಪಕ್ವತೆ ಬರುವುದು ಹೊಣೆ ಹೊತ್ತಾಗಲೇ ಹೊರತು ಕಾದು ಕುಳಿತಾಗಲ್ಲ. ನೇಗಿಲು ಹಿಡಿಸದೆ ಮಗನನ್ನು ರೈತನನ್ನಾಗಿ ಮಾಡಿದ ತಂದೆ ಯಾರಿದ್ದಾರೆ? ಮೊದಲ ಸಾಲು ಸೊಟ್ಟಗಾಗುತ್ತದೆ. ತಂದೆ ಹಿಂದೆ ನಡೆಯುತ್ತಾನೆ, ಸಾಲು ತಿದ್ದುತ್ತಾನೆ, ನೇಗಿಲನ್ನು ಕಿತ್ತುಕೊಳ್ಳುವುದಿಲ್ಲ. ಬಿಟ್ಟುಕೊಡುವುದೆಂದರೆ ಕೈಬಿಡುವುದಲ್ಲ.

ಆದ್ದರಿಂದ ಅನುಭವ ಹಂಚಿಕೊಳ್ಳಲು ವೇದಿಕೆಯೇರುವ ಹಿರಿಯರಲ್ಲಿ ನಮ್ಮ ವಿನಂತಿ ಮೂರು. ಮೊದಲನೆಯದು, ಗೆಲುವಿನ ಕಥೆಯ ಜೊತೆಗೆ ಸೋಲಿನ ಕಥೆಯನ್ನೂ ಹೇಳಿರಿ. ಎಲ್ಲಿ ತಪ್ಪಿದೆವು, ಯಾರು ತಿದ್ದಿದರು, ತಿದ್ದಿದವರ ಮೇಲೆ ಎಷ್ಟು ದಿನ ಮುನಿಸಿಕೊಂಡಿದ್ದೆವು ಎಂಬುದನ್ನು ಕೇಳಿದ ಎಳೆಯನಿಗೆ ತನ್ನ ಸೋಲು ಕೊನೆಯಲ್ಲವೆಂಬ ಧೈರ್ಯ ಬರುತ್ತದೆ. ಎರಡನೆಯದು, ಮಾತಿನ ಬದಲು ಲೆಕ್ಕದ ಪುಸ್ತಕವನ್ನು ಕೈಗೆ ಕೊಡಿರಿ. ಹಾಲಿನ ಸಂಘದ, ಪತ್ತಿನ ಸಂಘದ, ಜಾತ್ರಾ ಸಮಿತಿಯ ಜಮಾಖರ್ಚನ್ನು ಇಬ್ಬರು ಎಳೆಯರು ಕುಳಿತು ಓದಲಿ, ಪ್ರಶ್ನೆ ಕೇಳಲಿ. ವರದಾ, ದಂಡಾವತಿ, ಕುಮುದ್ವತಿ ನದಿಗಳ ಈ ಸೀಮೆ ಕೆರೆಗಳ ಸೀಮೆ. ಊರ ಕೆರೆಯ ಗಡಿ ಎಲ್ಲಿದೆ, ಒತ್ತುವರಿ ಎಷ್ಟಾಗಿದೆ, ಕೋಡಿ ಹೇಗಿದೆ ಎಂಬುದನ್ನು ಎಳೆಯರಿಂದ ಅಳೆಯಿಸಿರಿ. ಒತ್ತುವರಿ ಮಾಡಿದವರು ಪ್ರಭಾವಿಗಳಾಗಿದ್ದರೆ ಗ್ರಾಮಸಭೆಯಲ್ಲಿ ಆ ಹುಡುಗರ ಪಕ್ಕದಲ್ಲಿ ನಿಲ್ಲಿರಿ. ಮೂರನೆಯದು, ಕುರ್ಚಿಗೆ ಅವಧಿಯನ್ನು ನೀವೇ ಗೊತ್ತು ಮಾಡಿಕೊಳ್ಳಿರಿ. ಎರಡು ಅವಧಿ ಮುಗಿದ ಮೇಲೆ ಕೆಳಗಿಳಿದು, ಹೊಸಬನ ಹಿಂದಿನ ಸಾಲಿನಲ್ಲಿ ಕುಳಿತು, ಕೇಳಿದಾಗ ಮಾತ್ರ ಹೇಳಿರಿ.

ಮಠಗಳೂ ಈ ಪರೀಕ್ಷೆಯಿಂದ ಹೊರತಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮಠದ ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ನಲವತ್ತು ದಾಟದವರು ಎಷ್ಟು ಮಂದಿ? ಹೆಣ್ಣುಮಕ್ಕಳು ಎಷ್ಟು ಮಂದಿ? ವಚನಗಳನ್ನು ವ್ಯಾಖ್ಯಾನಿಸುವ ನಾವು ಈ ಪ್ರಶ್ನೆಗಳನ್ನು ನಮ್ಮ ಅಂಗಳದಲ್ಲಿ ಮೊದಲು ಕೇಳಿಕೊಳ್ಳದೆ ಊರಿನವರಿಗೆ ಬುದ್ಧಿ ಹೇಳಿದರೆ, ಸತ್ಯಕ್ಕನ ಕಸಬರಿಗೆ ನಮ್ಮನ್ನು ನೋಡಿ ನಕ್ಕೀತು.

ಅನಿಮಿಷಯ್ಯನು ಒಂದು ಮಾತನ್ನೂ ಆಡದೆ ಕೈಯಲ್ಲಿದ್ದುದನ್ನು ಕೊಟ್ಟನು. ನಾವು ಬಹಳ ಮಾತನಾಡುತ್ತಿದ್ದೇವೆ. ಕೈ ಮಾತ್ರ ಮುಚ್ಚಿಯೇ ಇದೆ. ಮುಂದಿನ ಸುಗ್ಗಿಯ ಸಭೆಯಲ್ಲಿ ಹಿಂದಿನ ಸಾಲಿನ ಆ ಹುಡುಗಿ ಎದ್ದು ನಿಂತು “ನಮಗೆ ಜಾಗವುಂಟೆ?” ಎಂದು ಕೇಳಿದರೆ, ವೇದಿಕೆಯ ಮೇಲಿನವರಲ್ಲಿ ಒಬ್ಬರಾದರೂ ಕುರ್ಚಿಯಿಂದೆದ್ದು “ಬಾ ತಾಯಿ, ಕುಳಿತುಕೋ” ಎನ್ನುವಂತಾಗಲಿ. ಅಂದು ಆಕೆಯಿಂದಾಗುವ ತಪ್ಪಿಗೆ ಹೆಗಲು ಕೊಡುವ ಹಿರಿತನವೂ ಅವರಿಗೆ ಬರಲಿ.